ಆಗಸ್ಟ್‌ನಲ್ಲಿ ಅಮಾಲ್ಫಿಗೆ ಕಾರು ಬೇಡ

ಜುಲೈ-ಆಗಸ್ಟ್‌ನಲ್ಲಿ ದಕ್ಷಿಣ ಇಟಲಿಯ ಅಮಾಲ್ಫಿ ಕರಾವಳಿ ಸುತ್ತಲು ಬಾಡಿಗೆ ಕಾರೇ ಉತ್ತಮ ಎಂದು ಪ್ರವಾಸ ಲೇಖನವೊಂದರಲ್ಲಿ ಲೇಖಕರು ಕೊಟ್ಟ ಸಲಹೆಯನ್ನು ಒಪ್ಪಲಾಗದು. ಬಂಡೆಯ ಅಂಚಿನಲ್ಲಿ ಸಾಗುವ ಆ ಕಿರಿದಾದ ರಸ್ತೆಯ ತಿರುವಿನಲ್ಲಿ ಎದುರಿಗೆ ಬಸ್ಸೊಂದು ಬಂದರೆ ಕಾರುಗಳು ಸಾಲಾಗಿ ಹಿಂದಕ್ಕೆ ಸರಿಯಬೇಕಾಗುತ್ತದೆ; ಸಾಲದ್ದಕ್ಕೆ, ಬೇಸಿಗೆಯ ದಟ್ಟಣೆಯ ದಿನಗಳಲ್ಲಿ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಸಮವೋ ಬೆಸವೋ ಎಂದು ನೋಡಿ ವಾಹನಗಳನ್ನು ತಡೆಯುವ ನಿಯಮ 2022ರಲ್ಲಿ ಜಾರಿಗೆ ಬಂದದ್ದರ ಪ್ರಸ್ತಾಪವೇ ಲೇಖನದಲ್ಲಿಲ್ಲ. ಹತ್ತಿರದ ಬಂದರು ನಗರ ಸಲೆರ್ನೊದಿಂದ ಈ ಕರಾವಳಿಯ ಅಮಾಲ್ಫಿ, ಪೊಸಿಟಾನೊ ಪಟ್ಟಣಗಳಿಗೆ ದೋಣಿಗಳಿರುವಾಗ (ಮೆಟ್ಟಿಲು ಮೆಟ್ಟಿಲಾಗಿ ಏರುವ ನಿಂಬೆ ತೋಟಗಳ ಚೆಲುವು ಕಾಣುವುದೂ ಕಡಲಿನಿಂದಲೇ) ಈ ಪಾಡೇಕೆ? ಕಡಲಿನ ಮೇಲಿನ ಬೆಟ್ಟದಲ್ಲಿ ಸಾಗುವ ಕಾಲುದಾರಿ ‘ದೇವತೆಗಳ ಹಾದಿ’ಯ ಚಾರಣವನ್ನು ಲೇಖಕರು ಸೂಚಿಸಿದ್ದು ಸರಿಯೇ, ಆದರೆ ಅದು ಶುರುವಾಗುವ ಬೊಮೆರಾನೊ ಊರಿನಿಂದ ಮುಗಿಯುವ ನೊಚೆಲ್ಲೆಯವರೆಗೆ ನೆರಳು ತೀರಾ ವಿರಳವಾದ್ದರಿಂದ, ಮಧ್ಯಾಹ್ನದ ಊಟ ಮುಗಿಸಿ ಹೊರಡಿ ಎನ್ನುವ ಬದಲು ಬೆಳಗಾಗುತ್ತಲೇ ಹೊರಡಲು ಹೇಳಬೇಕಿತ್ತು. ನೊಚೆಲ್ಲೆಯಿಂದ ಕೆಳಗಿಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿಗೂ ಮೊಣಕಾಲಿನಲ್ಲಿ ಕಸುವು ಉಳಿದಿರಬೇಕಲ್ಲವೇ?