ಮಂಚದಡಿಗೂ ಗಾಳಿ ಬೇಕು

ತಂಗಿಯ ಮಗಳು ಈ ವರ್ಷ ಶಿವಮೊಗ್ಗದಲ್ಲಿ ಡಿಗ್ರಿಗೆ ಸೇರಿದ್ದಾಳೆ. ಹೋದ ಭಾನುವಾರ ಹಾಸ್ಟೆಲಿಗೆ ಬಿಡಲು ನಾನೂ ಹೋಗಿದ್ದೆ. ಒಂದು ರೂಮು, ಮೂರು ಕಬ್ಬಿಣದ ಮಂಚ, ಮೂವರಿಗೂ ಸೇರಿ ಒಂದು ಗೋಡೆ ಕಪಾಟು. ಉಳಿದಿದ್ದೆಲ್ಲ ಮಂಚದಡಿಗೆ. ತಂಗಿ ಟ್ರಂಕನ್ನು ಗೋಡೆಗೆ ತಾಗುವ ಹಾಗೆ ಒಳಗೆ ನೂಕಿ, ಪಕ್ಕದಲ್ಲಿ ಎರಡು ಪ್ಲಾಸ್ಟಿಕ್ ಬಾಕ್ಸು, ಸಂದಿಯಲ್ಲಿ ಪುಸ್ತಕದ ಚೀಲ ತುರುಕಿ, "ಎಲ್ಲಾ ಹಿಡೀತು ನೋಡೇ ಅಕ್ಕಾ" ಅಂದಳು. ನಾನು ಎಲ್ಲವನ್ನೂ ಮತ್ತೆ ಹೊರಗೆಳೆಸಿದೆ. ಅವಳಿಗೆ ಸ್ವಲ್ಪ ಬೇಜಾರಾಯಿತು. ಆದರೆ ಇದು ನಾನು ಸುಮ್ಮನಿರಲಾಗದ ವಿಷಯ.

ನಾನು ತೀರ್ಥಹಳ್ಳಿಯಲ್ಲಿ ಓದುವಾಗ ಆರಿದ್ರಾ ಮಳೆಯಲ್ಲಿ ಮಂಚದಡಿಗೆ ನೂಕಿದ ಟ್ರಂಕನ್ನು ಹೊರಗೆಳೆದಿದ್ದು ಆಶ್ಲೇಷ ಮಳೆಯಲ್ಲಿ. ಅಡಿ ತುಕ್ಕು ಹಿಡಿದು ನೆಲಕ್ಕೆ ಅಂಟಿತ್ತು. ಒಳಗೆ ಅಮ್ಮ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ, ತುಂಬ ಕಪ್ಪು ಚುಕ್ಕೆ. ಎಷ್ಟು ಒಗೆದರೂ ಹೋಗಲಿಲ್ಲ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಪ್ಲಾಸ್ಟಿಕ್ ಕವರಿಗೆ ಮೆತ್ತಿಕೊಂಡಿತ್ತು, ಬಿಡಿಸಿದರೆ ಅಕ್ಷರ ಕವರಿನಲ್ಲೇ ಉಳಿಯಿತು. ಆ ಕೌದಿ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮ ಹಿರಿಯರು ಮಳೆಗಾಲದಲ್ಲಿ ಯಾವುದನ್ನೂ ನೆಲಕ್ಕಿಡುತ್ತಿರಲಿಲ್ಲ. ಬಿತ್ತನೆ ಬೀಜ, ಹಲಸಿನ ಹಪ್ಪಳ, ಕಂಬಳಿ, ಎಲ್ಲ ಅಟ್ಟದ ಮೇಲೆ. ಕೆಳಗಿನ ಒಲೆಯ ಹೊಗೆ, ಬಿಸಿ ಅವನ್ನು ಕಾಯುತ್ತಿತ್ತು. ಹಾಸ್ಟೆಲಿನಲ್ಲಿ ಒಲೆಯೂ ಇಲ್ಲ, ಅಟ್ಟವೂ ಇಲ್ಲ. ಇರುವುದು ಒಂದು ಫ್ಯಾನು. ಅದರ ಗಾಳಿ ಮಂಚದಡಿಗೆ ಹೋಗಬೇಕು, ಅಷ್ಟೇ ನನ್ನ ವಾದ.

ಮಂಚದಡಿಯ ಜಾಗ ಲೆಕ್ಕ ಹಾಕಿ: ಆರಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಎತ್ತರ ಅಂದರೆ 27 ಘನ ಅಡಿ. ಅವಳ ಪಾಲಿನ ಕಪಾಟಿಗಿಂತ ಎಷ್ಟೋ ದೊಡ್ಡದು. ಅದರಲ್ಲಿ ಮೂರನೇ ಒಂದು ಪಾಲು ಖಾಲಿ ಬಿಡಿ. ಗೋಡೆಯಿಂದ ಒಂದು ಗೇಣು ದೂರ. ಮಳೆಗಾಲದ ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿದಾಗ ನೆಲ ಬೆವರುತ್ತದೆ, ಹಾಗಾಗಿ ಟ್ರಂಕಿನ ಅಡಿಗೆ ಅಡಿಕೆ ಮರ ಸೀಳಿದ ದಬ್ಬೆ ಅಡ್ಡಡ್ಡ ಹಾಕಿ. ಮೂರು ದಬ್ಬೆ ಸಾಕು. ಹೊದಿಕೆಯ ಅಂಚು ನೆಲದವರೆಗೆ ಇಳಿಬಿಡಬೇಡಿ, ಸಾಮಾನು ಕಾಣಿಸಿದರೆ ಕಾಣಿಸಲಿ.

ಶಿವಮೊಗ್ಗ ಪೇಟೆಯಲ್ಲಿ ಅಷ್ಟೇನು ಮಳೆ ಅಂತ ಕೇಳುತ್ತಾರೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಮುಂದೆ ಅದು ಏನೂ ಅಲ್ಲ, ನಿಜ. ಆದರೆ ಬೂಷ್ಟಿಗೆ ಮಳೆ ಒಳಗೇ ಬರಬೇಕಿಲ್ಲ. ಗಾಳಿಯ ತೇವಾಂಶ ಶೇ. 70 ದಾಟಿ ಹಾಗೇ ನಿಂತರೆ ಸಾಕು.

ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಕ್ಸಿನ ಮೇಲೆ ಎಲ್ಲರಿಗೂ ಭಾರಿ ನಂಬಿಕೆ. ಅದು ಹೊರಗಿನ ತೇವ ತಡೆಯುವ ಹಾಗೆ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಮೂರು ದಿನ ಹಗ್ಗದ ಮೇಲಿದ್ದ ಚೂಡಿದಾರ್ ಕೈಗೆ ಒಣಗಿದ ಹಾಗೇ ಅನ್ನಿಸುತ್ತದೆ, ಹೊಲಿಗೆಯ ಮಡಿಕೆ ಮಾತ್ರ ಇನ್ನೂ ಹಸಿ. ಅದನ್ನು ಬಾಕ್ಸಿಗೆ ಹಾಕಿದರೆ ಪಕ್ಕದ ನಾಲ್ಕು ಬಟ್ಟೆಯೂ ಹಾಳು. ಬಾಕ್ಸಿಗೆ ಬಿಸಿಲಲ್ಲಿ ಒಣಗಿಸಿ ತಂದ ಸ್ವೆಟರು, ಶಾಲು ಮಾತ್ರ. ದಿನದ ಬಟ್ಟೆ ತೂತಿರುವ ಬುಟ್ಟಿಯಲ್ಲಿ, ಕೈಗೆ ಸಿಗುವ ಹಾಗೆ ಮುಂದೆ. ಒದ್ದೆ ಕೊಡೆ, ಶೂ ಮಂಚದಡಿಗೆ ಬೇಡವೇ ಬೇಡ. ಡಾಂಬರು ಗುಳಿಗೆ ಹುಳಕ್ಕೆ ಆದೀತು, ತೇವಕ್ಕೆ ಏನೂ ಮಾಡದು. ತಲೆಯ ಕೆಳಗೇ ಆ ವಾಸನೆ ಇಟ್ಟು ಮಲಗುವುದೂ ನನಗೆ ಸರಿ ಕಾಣುವುದಿಲ್ಲ. ಮಾರ್ಕ್ಸ್ ಕಾರ್ಡು ಮನೆಯಲ್ಲಿರಲಿ, ಹಾಸ್ಟೆಲಿಗೆ ಜೆರಾಕ್ಸ್ ಸಾಕು.

ಹಾಸ್ಟೆಲ್ ಕಟ್ಟಿಸುವವರಿಗೂ ಒಂದು ಮಾತು. ಜಾಗ ಉಳಿಯುತ್ತದೆಂದು ನಾಲ್ಕೂ ಕಡೆ ಹಲಗೆ ಮುಚ್ಚಿದ ಬಾಕ್ಸ್ ಮಂಚ ಹಾಕಿಸಬೇಡಿ. ಮಲೆನಾಡಿಗೆ ಅದು ಹೇಳಿ ಮಾಡಿಸಿದ್ದಲ್ಲ. ಮಂಚದ ಕಾಲು ಇನ್ನೂ ಅರ್ಧ ಅಡಿ ಎತ್ತರ ಮಾಡಿಸಿ, ಮಕ್ಕಳು ಗುಡಿಸಲೂಬಹುದು.

ನಿನ್ನೆ ರಾತ್ರಿ ಹುಡುಗಿ ಫೋನ್ ಮಾಡಿದ್ದಳು. "ದೊಡ್ಡಮ್ಮಾ, ರೂಮಿನ ಇಬ್ಬರೂ ತಮಗೂ ದಬ್ಬೆ ಬೇಕು ಅಂತಿದಾರೆ." ಆರು ಸೀಳಿಸಿ ಇಟ್ಟಿದ್ದೇನೆ, ಶನಿವಾರದ ಬಸ್ಸಿಗೆ ಹಾಕಬೇಕು.