ಆ ಬಾವಿಯಲ್ಲಿ ಸತ್ತವರು ಯಾರು?

ಸ್ಕಾಟ್ಲೆಂಡಿನ ಎಡಿನ್‌ಬರಾದ ಹಳೆಯ ಪೇಟೆಯಲ್ಲಿ ದೆವ್ವಕ್ಕೂ ಒಂದು ವಿಳಾಸವಿದೆ. ಯಾರದು, ಯಾವ ಇಸವಿಯಲ್ಲಿ ಸತ್ತದ್ದು, ಯಾರ ಕೈಯಲ್ಲಿ ಸತ್ತದ್ದು ಎಂದು ಕೇಳಿದರೆ ಹೇಳುವವರಿದ್ದಾರೆ. ನಾನು ಹುಟ್ಟಿ ಬೆಳೆದ ಪುತ್ತೂರಿನ ಕಡೆ ದೆವ್ವಗಳಿಗೇನೂ ಬರವಿಲ್ಲ. ಆದರೆ ಅಲ್ಲಿ ಬಾವಿಯ ದೆವ್ವ, ತೋಡಿನ ಬದಿಯ ದೆವ್ವ, ಹಾಲೆಮರದ ದೆವ್ವ ಎನ್ನುವಷ್ಟಕ್ಕೆ ಮಾತು ಮುಗಿಯುತ್ತದೆ. ಬದುಕಿದ್ದಾಗ ಅದು ಯಾರಾಗಿತ್ತು ಎಂದು ಕೇಳಿ ನೋಡಿ, ಹಿರಿಯರು ಮಳೆಯ ವಿಷಯ ಎತ್ತುತ್ತಾರೆ. ಎಡಿನ್‌ಬರಾದಲ್ಲಿ ನೆಲೆಸಿದ ಮೇಲೆ ನನ್ನನ್ನು ಹೆಚ್ಚು ಕಾಡಿದ ವ್ಯತ್ಯಾಸ ಇದು.

ಗ್ರೇಫ್ರಯರ್ಸ್ ಚರ್ಚಿನ ಸ್ಮಶಾನವನ್ನೇ ನೋಡಿ. ಅಲ್ಲಿ ಸರ್ ಜಾರ್ಜ್ ಮೆಕೆನ್ಜಿಯ ಗುಮ್ಮಟದ ಸಮಾಧಿಯಿದೆ. ಆತ ಸ್ಕಾಟ್ಲೆಂಡಿನ ಸರ್ಕಾರಿ ವಕೀಲರ ಮುಖ್ಯಸ್ಥ, 1691ರಲ್ಲಿ ತೀರಿಕೊಂಡ. ರಾಜ ಹೇಳಿದಂತೆ ದೇವರನ್ನು ಪೂಜಿಸುವುದಿಲ್ಲ ಎಂದು ಹಟ ಹಿಡಿದ ಕವೆನಂಟರ್ ಪಂಗಡದವರನ್ನು ಹುಡುಕಿ ಹುಡುಕಿ ಶಿಕ್ಷೆಗೆ ಗುರಿಪಡಿಸಿದ್ದರಿಂದ ಜನ ಅವನಿಗೆ ರಕ್ತಪಿಪಾಸು ಎಂಬ ಬಿರುದು ಕೊಟ್ಟರು. 1679ರಲ್ಲಿ ಬಾತ್‌ವೆಲ್ ಸೇತುವೆಯ ಕಾಳಗದಲ್ಲಿ ಸೋತ ಸುಮಾರು 1,200 ಮಂದಿಯನ್ನು ಈ ಸ್ಮಶಾನಕ್ಕೆ ತಾಗಿದ ಬಯಲಿನಲ್ಲಿ ತಿಂಗಳುಗಟ್ಟಲೆ ಕೂಡಿಹಾಕಲಾಗಿತ್ತು. ತಲೆಯ ಮೇಲೆ ಸೂರಿಲ್ಲದೆ ಹಲವರು ಅಲ್ಲಿಯೇ ಸತ್ತರು. ಉಳಿದವರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಲೆಂದು ಹಡಗಿಗೆ ತುಂಬಿದರು. ಅದು ಆರ್ಕ್ನಿ ದ್ವೀಪದ ಬಳಿ ಒಡೆದಾಗ ಹೆಚ್ಚಿನವರು ಹಡಗಿನ ಒಡಲಿನಲ್ಲೇ ಮುಳುಗಿಹೋದರು.

ಮೆಕೆನ್ಜಿ ಮಲಗಿರುವುದು ಅದೇ ಸ್ಮಶಾನದಲ್ಲಿ. 1998ರಲ್ಲಿ ಮನೆಯಿಲ್ಲದ ಒಬ್ಬಾತ ಮಳೆಯಿಂದ ತಪ್ಪಿಸಿಕೊಳ್ಳಲು ಆ ಸಮಾಧಿಯೊಳಗೆ ನುಗ್ಗಿದ. ಅಂದಿನಿಂದ ಅಲ್ಲಿಗೆ ಹೋದವರಿಗೆ ತರಚು ಗಾಯ, ತಣ್ಣನೆಯ ಸ್ಪರ್ಶ, ತಲೆಸುತ್ತು ಎಂಬ ಮಾತು ಹಬ್ಬಿದೆ. ರಾತ್ರಿ ಹೊತ್ತು ಜನರನ್ನು ಕರೆದುಕೊಂಡು ಹೋಗುವ ವ್ಯಾಪಾರವೂ ಅದರ ಬೆನ್ನಿಗೇ ಶುರುವಾಯಿತು. ಟಿಕೆಟ್ಟು ಕೊಟ್ಟು ಹೋದವನು ಹೆದರಿಯೇ ಹಿಂದಿರುಗಬಹುದು. ಆದರೆ ಆ 1,200 ಮಂದಿಯ ಕಥೆ ಕೇಳದೆ ಹಿಂದಿರುಗುವುದಿಲ್ಲ. ಕೊಂದವನು ಯಾರು, ಸತ್ತವರು ಯಾರು ಎಂಬುದರಲ್ಲಿ ಅಲ್ಲಿ ಯಾರಿಗೂ ಸಂಶಯವಿಲ್ಲ.

ನನಗೂ ಒಂದು ಅನುಭವವಾಯಿತು. ಅದು ಸ್ಮಶಾನದಲ್ಲಲ್ಲ, ಸೌತ್ ಬ್ರಿಡ್ಜ್ ಸೇತುವೆಯ ಅಡಿಯ ನೆಲಮಾಳಿಗೆಗಳಲ್ಲಿ. 1788ರಲ್ಲಿ ತೆರೆದ ಆ ಸೇತುವೆಗೆ 19 ಕಮಾನುಗಳಿದ್ದರೂ ಹೊರಗೆ ಕಾಣುವುದು ಒಂದೇ. ಉಳಿದವನ್ನು ಎರಡೂ ಬದಿಯ ಕಟ್ಟಡಗಳು ಮುಚ್ಚಿಕೊಂಡಿವೆ. ಆ ಕಮಾನುಗಳೊಳಗಿನ ಕೋಣೆಗಳಲ್ಲಿ ಮೊದಲು ಚರ್ಮದ ಕೆಲಸದವರ ಸರಕು ಇತ್ತು. ನೀರು ಜಿನುಗಿ ಅವರು ಬಿಟ್ಟುಹೋದ ಮೇಲೆ ಎಲ್ಲಿಯೂ ಜಾಗ ಸಿಗದ ಬಡವರು ಸೇರಿಕೊಂಡರು. ಗುಂಪಿನ ಕೊನೆಯಲ್ಲಿ ನಾನಿದ್ದೆ. ಒಂದು ಕೋಣೆ ದಾಟುವಾಗ ಕೋಟಿನ ಎಡತೋಳನ್ನು ಮೊಣಕೈಯ ಹತ್ತಿರ ಯಾರೋ ಹಿಡಿದು ಬಿಟ್ಟರು. ತಗುಲಿದ್ದಲ್ಲ, ಹಿಡಿದದ್ದು. ತಿರುಗಿದರೆ ಒದ್ದೆ ಗೋಡೆ.

ಹೊರಗೆ ಬಂದ ಮೇಲೆ ದಾರಿ ತೋರಿಸಿದ ಹುಡುಗಿಗೆ ಇದನ್ನು ಹೇಳಿದೆ. ಆಕೆ ನಗಲಿಲ್ಲ, ಗಾಬರಿಯೂ ಬೀಳಲಿಲ್ಲ. ಯಾವ ಕೋಣೆ, ಯಾವ ಬದಿ, ಎತ್ತರ ಎಷ್ಟು ಎಂದು ಕೇಳಿ ಬರೆದುಕೊಂಡಳು. ಮರುದಿನ ಕಚೇರಿಯಲ್ಲಿ ಹೇಳಿದಾಗ, ತನ್ನ ಅಜ್ಜಿಯ ಮನೆಯ ಮೆಟ್ಟಿಲಲ್ಲಿ ಒಬ್ಬಳು ಮುದುಕಿ ಕೂತಿರುತ್ತಾಳೆ ಎಂದು ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತಲೇ ಹೇಳಿದರು. ಕೇಳಿದವರು ಕೇಳಿದರು, ಮುಗಿಯಿತು. ಕಂಡವನ ತಲೆ ಸರಿಯಿಲ್ಲ ಎನ್ನುವ ನೋಟ ಎಲ್ಲಿಯೂ ಇರಲಿಲ್ಲ.

ಇದೇ ನೆಲಮಾಳಿಗೆಗಳಲ್ಲಿ 2001ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದ್ದರು. ಯಾವ ಕೋಣೆಗೆ ದೆವ್ವದ ಹೆಸರಿದೆ ಎಂದು ಗೊತ್ತಿಲ್ಲದ ಜನರನ್ನು ಒಳಗೆ ಬಿಟ್ಟು, ಅನಿಸಿದ್ದನ್ನು ಬರೆಯಲು ಹೇಳಿದರು. ಮೊದಲಿನಿಂದ ಹೆಸರು ಕೆಡಿಸಿಕೊಂಡಿದ್ದ ಕೋಣೆಗಳಲ್ಲೇ ವಿಚಿತ್ರ ಅನುಭವಗಳು ಹೆಚ್ಚು ದಾಖಲಾದವು. ಕೋಣೆಯ ಅಳತೆ, ಬೆಳಕಿನ ಪ್ರಮಾಣದಂಥ ಸಂಗತಿಗಳೊಂದಿಗೆ ಅದಕ್ಕೆ ನಂಟಿರುವಂತೆ ಕಂಡಿತು. ಇಂಗ್ಲೆಂಡಿನ ಕೊವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿಯ ಕಥೆ ಇನ್ನೂ ಸ್ವಾರಸ್ಯದ್ದು. ಪ್ರಯೋಗಾಲಯದಲ್ಲಿ ಒಬ್ಬರೇ ಕೂತಿದ್ದಾಗ ಅವರ ಪಕ್ಕದಲ್ಲಿ ಬೂದುಬಣ್ಣದ ಆಕಾರವೊಂದು ಸುಳಿಯಿತು. ಮರುದಿನ ಇಕ್ಕಳಕ್ಕೆ ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿ ತಾನಾಗಿಯೇ ನಡುಗುತ್ತಿತ್ತು. ಹುಡುಕಿದಾಗ ಸಿಕ್ಕಿದ್ದು ಗಾಳಿ ಹೊರಹಾಕುವ ಫ್ಯಾನು. ಅದು ಸೆಕೆಂಡಿಗೆ ಸುಮಾರು 19 ಕಂಪನಗಳ, ಕಿವಿಗೆ ಕೇಳಿಸದ ಸದ್ದು ಹೊರಡಿಸುತ್ತಿತ್ತು. ಆ ಲೇಖನ ಅಚ್ಚಾದದ್ದು 1998ರಲ್ಲಿ. ನನ್ನ ತೋಳು ಹಿಡಿದದ್ದಕ್ಕೂ ಇಂಥ ವಿವರಣೆ ಇರಬಹುದು, ಇದ್ದರೆ ಸಂತೋಷವೇ. ಆದರೆ ಹಿಡಿದದ್ದು ಸುಳ್ಳೆಂದು ಮಾತ್ರ ನಾನು ಹೇಳಲಾರೆ. ಟ್ಯಾಂಡಿಯೂ ತಾನು ಕಂಡದ್ದನ್ನು ಅಲ್ಲಗಳೆಯಲಿಲ್ಲ. ಅದರ ಬೆನ್ನು ಹತ್ತಿದರು.

ಊರಿನಲ್ಲಿ ನನಗಾದ ಅನುಭವ ಹಳೆಯದು, ಹೈಸ್ಕೂಲಿನ ಕಾಲದ್ದು. ಕತ್ತಲಾಗುವ ಹೊತ್ತಿಗೆ ಗದ್ದೆಯ ಕಟ್ಟಪುಣಿಯ ಮೇಲೆ ಮನೆಗೆ ಬರುತ್ತಿದ್ದೆ. ದಾರಿಯಲ್ಲಿ ಒಂದು ಪಾಳುಬಾವಿ. ಅಲ್ಲಿಂದ ರಾಟೆಯ ಕಿರುಗುಟ್ಟು ಕೇಳಿಸಿತು. ಹಗ್ಗ ಎಳೆದಾಗ ಬರುವ ಉದ್ದನೆಯ ಸದ್ದು, ನಡುವೆ ಕೈ ಬದಲಿಸುವಷ್ಟು ಬಿಡುವು, ಮತ್ತೆ ಸದ್ದು. ಆ ಬಾವಿಗೆ ರಾಟೆಯೇ ಇರಲಿಲ್ಲ; ಕಂಬಗಳೂ ಎಂದೋ ಬಿದ್ದುಹೋಗಿದ್ದವು. ಓಡಿಬಂದೆ, ರಾತ್ರಿ ಜ್ವರ ಬಂತು. ಅಜ್ಜಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಬೆಳಿಗ್ಗೆ ಮಂತ್ರಿಸಿದ ನೂಲು ತಂದು ತೋಳಿಗೆ ಕಟ್ಟಿದರು. ಅಷ್ಟು ಅಕ್ಕರೆಯ ಆರೈಕೆ ಎಡಿನ್‌ಬರಾದಲ್ಲಿ ನನಗೆ ಸಿಗಲಿಲ್ಲ, ಅದನ್ನೂ ಹೇಳಲೇಬೇಕು. ಆದರೆ ಏನು ಕೇಳಿಸಿತು ಎಂದು ಒಬ್ಬರೂ ವಿಚಾರಿಸಲಿಲ್ಲ. ಎಲ್ಲರಿಗೂ ಗೊತ್ತಿತ್ತು ಎಂದು ಈಗ ಅರ್ಥವಾಗುತ್ತದೆ.

ಎಷ್ಟೋ ವರ್ಷಗಳ ನಂತರ ಫೋನಿನಲ್ಲಿ ಅತ್ತೆಯಿಂದ ಅದರ ಸಂಗತಿ ತಿಳಿಯಿತು. ಆ ಬಾವಿಯಿದ್ದ ಮನೆಗೆ ಬಂದ ಹೊಸ ಸೊಸೆ ನೀರು ಸೇದಲು ಹೋದವಳು ಬಾವಿಯ ಪಾಲಾದಳು. ಕಾಲು ಜಾರಿತು ಎಂದು ಬರೆಸಿದರು. ಹಿಂದಿನ ದಿನ ಜಗಲಿಯಲ್ಲಿ ಏನು ಗಲಾಟೆಯಾಗಿತ್ತು ಎಂಬುದನ್ನು ಯಾರೂ ಬರೆಸಲಿಲ್ಲ. ಬಾವಿಯನ್ನು ಬಿಟ್ಟರು, ಅಲ್ಲಿ ಮೋಹಿನಿಯಿದ್ದಾಳೆ ಎಂದು ಮಕ್ಕಳನ್ನು ಹೆದರಿಸಿದರು. ಹೀಗೆ ಇಪ್ಪತ್ತು ದಾಟದ ಒಬ್ಬ ಹೆಣ್ಣುಮಗಳು, ಊರು ಹೆದರಬೇಕಾದ ಪಿಶಾಚಿಯಾಗಿಬಿಟ್ಟಳು. ನಮ್ಮ ಊರೂರಿನ ಬಾವಿ, ಕೆರೆ, ಮುಚ್ಚಿದ ಕೋಣೆಗಳ ಕಥೆಗಳಲ್ಲಿ ದೆವ್ವ ಬಹುಪಾಲು ಹೆಂಗಸೇ ಏಕೆ ಎಂದು ಯೋಚಿಸಿದರೆ ನನಗೆ ಸಿಟ್ಟು ಬರುತ್ತದೆ. ಎಡಿನ್‌ಬರಾದಲ್ಲಿ ದೆವ್ವದ ಕಥೆ ಒಂದು ಅನ್ಯಾಯವನ್ನು ಮುನ್ನೂರು ವರ್ಷ ನೆನಪಿನಲ್ಲಿಟ್ಟಿದೆ. ನಮ್ಮಲ್ಲಿ ಅದೇ ಕಥೆ ಅನ್ಯಾಯದ ಮೇಲೆ ಮಣ್ಣು ಎಳೆಯುವ ಕೆಲಸ ಮಾಡುತ್ತದೆ.

ಮೆಟ್ಟಿಕೊಂಡಿದೆ ಎನ್ನಿಸಿಕೊಂಡವರ ಪಾಡಂತೂ ಕೇಳುವುದೇ ಬೇಡ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಕೋಲಿನಿಂದ ಹೊಡೆಯುವುದು 2017ರ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಅಪರಾಧ. ಆ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಕಾನೂನು ಬಂದದ್ದು ಒಳ್ಳೆಯದಾಯಿತು. ಆದರೆ ತವರಿನಲ್ಲೂ ಗಂಡನ ಮನೆಯಲ್ಲೂ ಬಾಯಿಬಿಡಲಾಗದ ಹೆಣ್ಣು ದೆವ್ವದ ಬಾಯಲ್ಲಿ ಮಾತಾಡಿದಾಗ, ಆಕೆ ಏನು ಹೇಳುತ್ತಿದ್ದಾಳೆ ಎಂದು ಕುಳಿತು ಕೇಳುವ ಕೆಲಸವನ್ನು ಕಾನೂನು ಮಾಡಲಾರದು.

ಹಾಗೆಂದು ಸತ್ತವರೊಡನೆ ನಡೆದುಕೊಳ್ಳುವುದನ್ನು ಸ್ಕಾಟ್ಲೆಂಡಿನಿಂದ ಕಲಿಯಬೇಕು ಎಂದು ನಾನು ಒಪ್ಪುವುದಿಲ್ಲ. ಮೇರಿ ಕಿಂಗ್ಸ್ ಕ್ಲೋಸ್ ಎಂಬ ನೆಲದಡಿಯ ಓಣಿಯಲ್ಲಿ ಒಂದು ಕೋಣೆಯಿದೆ. 1992ರಲ್ಲಿ ಜಪಾನಿನಿಂದ ಬಂದಿದ್ದ ಮಹಿಳೆಯೊಬ್ಬರು ತಮಗೆ ಅಲ್ಲಿ ಗೊಂಬೆ ಕಳೆದುಕೊಂಡು ಅಳುವ ಪುಟ್ಟ ಹುಡುಗಿ ಕಂಡಳು ಎಂದು ಹೇಳಿ ಒಂದು ಗೊಂಬೆ ತಂದಿಟ್ಟರು. ಆಮೇಲೆ ಬಂದವರೆಲ್ಲ ಇಟ್ಟೂ ಇಟ್ಟೂ ಗೊಂಬೆಗಳ ರಾಶಿಯೇ ಬೆಳೆಯಿತು. ಇಡುವವರ ಮನಸ್ಸು ದೊಡ್ಡದು. ಆದರೂ ಆ ಮಗುವಿಗೆ ಅಲ್ಲಿ ಸಂಬಂಧಿಕರು ಯಾರೂ ಇಲ್ಲ, ಬರುವವರೆಲ್ಲ ಪ್ರವಾಸಿಗರು.

ನಮ್ಮ ತುಳುನಾಡಿನಲ್ಲಿ ಸತ್ತವರು ಮನೆಯವರಾಗಿಯೇ ಉಳಿಯುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡವರ ಆತ್ಮಗಳಿಗೆ, ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ತೀರಿಕೊಂಡವರಿಗೆ ಮದುವೆಯನ್ನೂ ಮಾಡುತ್ತಾರೆ. ಮಕ್ಕಳಿಗೂ ಅವಿವಾಹಿತರಿಗೂ ಅದನ್ನು ನೋಡುವ ಅವಕಾಶವಿಲ್ಲದ್ದರಿಂದ ನನಗೆ ನೋಡಲು ಸಿಕ್ಕಿದ್ದು ನನ್ನ ಮದುವೆಯ ನಂತರವೇ. ಒಂದು ಮಣೆಯ ಮೇಲೆ ಪಂಚೆ, ಅಂಗಿ. ಇನ್ನೊಂದರ ಮೇಲೆ ಸೀರೆ, ಕರಿಮಣಿ, ಬಳೆ. ಸೀರೆಯ ಬಣ್ಣ ಅವಳಿಗೆ ಒಪ್ಪುವುದಿಲ್ಲ ಎಂದು ಹುಡುಗಿಯ ದೊಡ್ಡಮ್ಮ ಎದ್ದು ಬೇರೆ ತಂದಿಟ್ಟರು. ಆ ಹುಡುಗಿ ಕೂಸಾಗಿದ್ದಾಗಲೇ ಹೋದವಳು. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ಪ್ರೇತ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ಎಲ್ಲೆಲ್ಲಿಯೋ ಕೂತವರು ಆಡಿಕೊಂಡರು. ನಾನು ಆ ಜಾಹೀರಾತನ್ನು ಇಲ್ಲಿಯ ಗೆಳೆಯರಿಗೆ ಹೆಮ್ಮೆಯಿಂದಲೇ ತೋರಿಸಿದೆ. ಮಗಳ ವಯಸ್ಸನ್ನು ವರ್ಷ ವರ್ಷ ಎಣಿಸುತ್ತ ಬಂದ ಮನೆ ಅದು.

ಈಗ ಊರಿನ ಹುಡುಗರೂ ಮೊಬೈಲ್ ಹಿಡಿದು ಪಾಳುಮನೆ, ಸ್ಮಶಾನಗಳಿಗೆ ರಾತ್ರಿ ನುಗ್ಗುತ್ತಿದ್ದಾರೆ. ಭಯ ಬಿಡಿಸುವುದೇ ಗುರಿಯಾದರೆ ಅದಕ್ಕೆ ಮರ್ಯಾದೆಯ ದಾರಿಯಿದೆ. ರಾಜಕಾರಣಿ ಸತೀಶ ಜಾರಕಿಹೊಳಿ 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ತೀರಿಕೊಂಡ ದಿನ, ಬೆಳಗಾವಿಯ ಸ್ಮಶಾನದಲ್ಲಿ ಜನರೊಂದಿಗೆ ಕೂತು ಉಂಡು ಅಲ್ಲಿಯೇ ರಾತ್ರಿ ಕಳೆದರು. ಇವರದು ಹಾಗಲ್ಲ. ಕಿರುಚಿ, ಬಾಗಿಲು ಒದ್ದು, ಕಲ್ಲು ಬೀಸಿ ಬರುತ್ತಾರೆ. ಅಂಥ ಹುಡುಗರಿಗೆ ನನ್ನದೊಂದು ಬಿನ್ನಹ: ಹೋಗುವ ಮೊದಲು ಹಗಲಿನಲ್ಲಿ ಆ ಕೇರಿಗೆ ಹೋಗಿ, ಅಲ್ಲಿ ಸತ್ತವರು ಯಾರು, ಏನಾಗಿತ್ತು ಎಂದು ಹಿರಿಯರ ಹತ್ತಿರ ಕುಳಿತು ಕೇಳಿ.

ನಮ್ಮ ಬಾವಿಯ ಸೊಸೆಯ ಹೆಸರು ನನಗೆ ಗೊತ್ತಿದೆ. ಅವಳ ಒಡಹುಟ್ಟಿದವರು ಇನ್ನೂ ಇರುವುದರಿಂದ ಅವರನ್ನು ಕೇಳದೆ ಇಲ್ಲಿ ಬರೆಯುವುದಿಲ್ಲ. ಅವಳಿಗೆ ಆಟಿಯಲ್ಲಿ ಎಲೆ ಹಾಕುವವರೇ ಇಲ್ಲ ಎಂದು ತಿಳಿದ ಮೇಲೆ ಅತ್ತೆಯ ಮೂಲಕ ಎರಡೂ ಮನೆಯವರಿಗೆ ಮಾತು ಮುಟ್ಟಿಸಿದ್ದೇನೆ. ಅದು ಗಂಡನ ಮನೆಯವರ ಕರ್ತವ್ಯ ಎಂದು ತವರಿನವರು ಹೇಳುತ್ತಿದ್ದಾರೆ. ಗಂಡನ ಮನೆಯಲ್ಲಿ ಈಗಿರುವ ಹುಡುಗನಿಗೆ ಅಂಥವಳೊಬ್ಬಳು ಇದ್ದಳೆಂದೇ ಗೊತ್ತಿರಲಿಲ್ಲವಂತೆ. ಕೇಳಿ ತಿಳಿದುಕೊಳ್ಳುತ್ತೇನೆ ಎಂದಿದ್ದಾನೆ. ಈ ಆಟಿಗೆ ರಜೆ ಹಾಕಿ ಊರಿಗೆ ಹೋಗುವವನಿದ್ದೇನೆ. ಅಷ್ಟರಲ್ಲಿ ಇಬ್ಬರಲ್ಲಿ ಒಬ್ಬರು ಒಪ್ಪಿದರೆ ಸರಿ, ಇಲ್ಲದಿದ್ದರೆ ನಮ್ಮ ಮನೆಯಲ್ಲೇ ಬಡಿಸಬಹುದೇ ಎಂದು ಅತ್ತೆಯನ್ನು ಕೇಳಿದ್ದೇನೆ.