ಏರ್‌ಪೋರ್ಟ್ ಸೀನ್ ಮರೆತುಬಿಟ್ರಾ ಸರ್
ವಲಸೆ ಮುಸ್ಲಿಮರ ಬಗ್ಗೆ ಈಗಿನ ಇಂಗ್ಲಿಷ್ ಕಾದಂಬರಿಗಳೆಲ್ಲ ಟೆರರಿಸಂ ಸುತ್ತಾನೇ ಗಿರಕಿ ಹೊಡೀತವೆ ಅಂತ ಬರ್ದಿದೀರಲ್ಲ, ಅರ್ಧ ಒಪ್ತೀನಿ. ಆದ್ರೆ ಕಮೀಲಾ ಶಮ್ಸಿ ಅವ್ರ 'ಹೋಮ್ ಫೈರ್' (2017) ನ ಒಂದೇ ಸಾಲಲ್ಲಿ ತಳ್ಳಿಹಾಕಿದ್ದು ಯಾಕೋ ಸರಿ ಅನ್ನಿಸ್ಲಿಲ್ಲ. ಶುರುನೇ ನೋಡಿ, ಅಮೆರಿಕಕ್ಕೆ ಓದೋಕೆ ಹೊರಟಿರೋ ಇಸ್ಮಾನ ಲಂಡನ್ ಏರ್‌ಪೋರ್ಟಲ್ಲಿ ಕೂರಿಸ್ಕೊಂಡು ವಿಚಾರಣೆ ಮಾಡ್ತಾರೆ, ಪಾಪ ಅವ್ಳು ಬ್ಯಾಗಲ್ಲಿ ಕುರಾನ್ ಇಟ್ಕೊಂಡಿಲ್ಲ, ಮನೆಯವ್ರ ಫೋಟೋನೂ ಇಲ್ಲ, ಏನೇನ್ ಕೇಳ್ಬೋದು ಅಂತ ತಂಗಿ ಜೊತೆ ಪ್ರಾಕ್ಟೀಸ್ ಬೇರೆ ಮಾಡ್ಕೊಂಡ್ ಬಂದಿದಾಳೆ, ಅವ್ರು ರಾಣಿ ಬಗ್ಗೆ, ಟೀವಿ ಕೇಕ್ ಶೋ ಬಗ್ಗೆ ಎಲ್ಲಾ ಕೇಳಿ ಮುಗಿಸೋಷ್ಟ್ರಲ್ಲಿ ಫ್ಲೈಟೇ ಹೋಗಿರುತ್ತೆ. ಬೆಳೆದ ಊರಲ್ಲೇ ವೈವಾ!

ಲಂಕೇಶ್ ಕನ್ನಡಕ್ಕೆ ತಂದ ಗ್ರೀಕ್ ನಾಟಕ 'ಅಂತಿಗೊನೆ' (ದೊರೆ ಬೇಡ ಅಂದ್ರೂ ಒಡಹುಟ್ಟಿದೋನ ಹೆಣ ಮಣ್ಣು ಮಾಡೋಕೆ ಹಟ ಹಿಡಿಯೋಳ ಕತೆ) ಓದಿದೋರಿಗೆ 'ಹೋಮ್ ಫೈರ್' ಕತೆ ತಕ್ಷಣ ಗುರುತು ಸಿಗುತ್ತೆ, ಅದೇ ಒಡಹುಟ್ಟಿದೋನ ಹೆಣ, ಅದೇ ಹಟ, ದೊರೆ ಜಾಗದಲ್ಲಿ ಪಾಕಿಸ್ತಾನಿ ಮೂಲದ ಹೋಮ್ ಸೆಕ್ರೆಟರಿ (ಬ್ರಿಟನ್ನಲ್ಲಿ ಗೃಹಮಂತ್ರಿನ ಹಾಗಂತಾರೆ) ಅಷ್ಟೇ. ತಮಾಷೆ ಅಂದ್ರೆ ಪುಸ್ತಕ ಬಂದ್ಮೇಲೆ, 2018ರಲ್ಲಿ, ಪಾಕಿಸ್ತಾನಿ ಮೂಲದೋರೇ ಆದ ಸಾಜಿದ್ ಜಾವಿದ್ ನಿಜವಾಗ್ಲೂ ಆ ಕುರ್ಚಿಗೆ ಬಂದ್ರು, 2019ರಲ್ಲಿ, ಸ್ಕೂಲ್ ಹುಡುಗಿಯಾಗಿದ್ದಾಗ್ಲೇ ಐಸಿಸ್ ಸೇರೋಕೆ ಲಂಡನ್ನಿಂದ ಸಿರಿಯಾಕ್ಕೆ ಹೋಗಿದ್ದ ಶಮೀಮಾ ಬೇಗಂ ಪೌರತ್ವನೂ ಕಿತ್ಕೊಂಡ್ರು. (ತಮಾಷೆ ಅನ್ಬಾರ್ದೇನೋ.)

ಟೆರರಿಸಂ ಬೇಡ ಅಂದ್ರೆ ಮೋನಿಕಾ ಅಲಿ 'ಬ್ರಿಕ್ ಲೇನ್' (2003) ಇದೆಯಲ್ಲ. ಅಮೆರಿಕದ ಮೇಲಿನ 2001ರ ದಾಳಿ ಅದ್ರಲ್ಲೂ ಬರುತ್ತೆ ನಿಜ, ಆದ್ರೆ ನಂಗೆ ನೆನಪಿರೋದು ಮದ್ವೆಯಾಗಿ ಬಾಂಗ್ಲಾದಿಂದ ಲಂಡನ್‌ಗೆ ಬಂದ ನಜ್ನೀನ್ ಮನೇಲೇ ಕೂತು ಹೊಲಿಯೋ ಬಟ್ಟೆ, ಢಾಕಾದಿಂದ ತಂಗಿ ಬರೆಯೋ ಕಾಗದ, ಇನ್ನು ಆ ಗಂಡ ಚಾನು, ಸರ್ಟಿಫಿಕೇಟ್‌ಗಳಿಗೆಲ್ಲ ಫ್ರೇಮ್ ಹಾಕಿಸ್ಕೊಂಡು ಬರ್ದೇ ಇರೋ ಪ್ರಮೋಷನ್‌ಗೆ ಕಾಯ್ತಾ ಕೂತಿರ್ತಾನೆ, ನಮ್ಮ ಸೋದರಮಾವನ್ನೇ ನೋಡ್ದಂಗಾಯ್ತು.